ಪೊರೆ ಕಳಚಿದರೇ ಬೆಳವಣಿಗೆ: ಮರಿ ಟರಾಂಟುಲಾ ಕಲಿಸುವ ಪಾಠ



ಪ್ರಥಮ ಪಿಯುಸಿ ಜೀವಶಾಸ್ತ್ರದ ಪ್ರಾಣಿ ಸಾಮ್ರಾಜ್ಯ ಅಧ್ಯಾಯದಲ್ಲಿ ಸಂಧಿಪದಿಗಳ ಬಗ್ಗೆ ಓದುತ್ತೀರಿ. ಹೆಸರಿಸಲಾದ ಪ್ರಾಣಿ ಪ್ರಭೇದಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಇದೇ ಗುಂಪಿಗೆ ಸೇರಿದವು. ಇವುಗಳ ದೇಹವನ್ನು ಕೈಟಿನ್‌ನಿಂದಾದ ಹೊರಕವಚ ಮುಚ್ಚಿರುತ್ತದೆ ಎಂಬ ಸಾಲನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ. ಆದರೆ ಆ ಸಾಲಿನೊಳಗೇ ಒಂದು ಪ್ರಶ್ನೆ ಅಡಗಿದೆ: ಹೊರಗೆ ಗಟ್ಟಿ ಕವಚವಿದ್ದರೆ ಒಳಗಿನ ಜೀವ ಬೆಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕಣ್ಣಾರೆ ಕಾಣಿಸುವ ಪ್ರಾಣಿ ಟರಾಂಟುಲಾ, ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡ. ಇತ್ತೀಚೆಗೆ ದೊಡ್ಡ ನಗರಗಳಲ್ಲಿ ಕೆಲವರು ಇದರ ಮರಿಗಳನ್ನು ಡಬ್ಬಿಯಲ್ಲಿಟ್ಟು ಸಾಕುತ್ತಾರೆ. ಅದರ ಬೆಳವಣಿಗೆ ಅರ್ಥವಾದರೆ ಜಿರಳೆ, ಚೇಳು, ರೇಷ್ಮೆಹುಳು, ತೊಗರಿಯ ಕಾಯಿಕೊರಕ ಎಲ್ಲದರ ಬೆಳವಣಿಗೆಯೂ ಅರ್ಥವಾಗುತ್ತದೆ.

ನಮ್ಮ ರೈಲು ಮಾರ್ಗದ ಎರಡು ಜೇಡಗಳು

ಟರಾಂಟುಲಾ ಎಂದರೆ ಅಮೆರಿಕದ ಪ್ರಾಣಿ ಎಂದು ತಿಳಿಯಬೇಡಿ. ಕಲಬುರಗಿಯಿಂದ ಚೆನ್ನೈ ಕಡೆಗೆ ಹೋಗುವ ರೈಲು ರಾಯಚೂರು, ಗುಂತಕಲ್, ಗುತ್ತಿ, ರೇಣಿಗುಂಟ, ಅರಕ್ಕೋಣಂ ದಾಟಿ ಹೋಗುತ್ತದೆ. ಇವುಗಳಲ್ಲಿ ಎರಡು ಊರುಗಳ ಹೆಸರು ಜೇಡಶಾಸ್ತ್ರದಲ್ಲಿ ಪ್ರಸಿದ್ಧ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ವಿಜ್ಞಾನಿ ಆರ್. ಐ. ಪೊಕಾಕ್ 1899ರಲ್ಲಿ ಗುತ್ತಿಯಿಂದ ಬಂದ ನೀಲಿ ಜೇಡಕ್ಕೆ ಪೊಯಿಸಿಲೊಥೀರಿಯಾ ಮೆಟಾಲಿಕಾ ಎಂದೂ, ಅರಕ್ಕೋಣಂನಿಂದ ಬಂದ ಜೇಡಕ್ಕೆ ಪೊಯಿಸಿಲೊಥೀರಿಯಾ ರೀಗಾಲಿಸ್ ಎಂದೂ ಹೆಸರಿಟ್ಟರು. ಇದೇ ಕುಲದ ಇನ್ನೊಂದು ಪ್ರಭೇದವಾದ ಪೊಯಿಸಿಲೊಥೀರಿಯಾ ಸ್ಟ್ರಯೇಟಾಗೆ ಹೊರದೇಶಗಳಲ್ಲಿ ಮೈಸೂರಿನ ಹೆಸರೇ ಅಂಟಿಕೊಂಡಿದೆ. ಇವೆಲ್ಲ ಹಳೆಯ ಮರಗಳ ಪೊಟರೆಯಲ್ಲಿ ವಾಸಿಸುವ ಜೇಡಗಳು.

ಗುತ್ತಿಯ ನೀಲಿ ಜೇಡ ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಗುತ್ತಿಯಿಂದ ಸುಮಾರು 100 ಕಿ.ಮೀ. ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅದು ಈಗ ತೀವ್ರ ಅಪಾಯದಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಪೊರೆ ಏಕೆ ಕಳಚಬೇಕು?

ನಮ್ಮ ಮೂಳೆ ದೇಹದ ಒಳಗಿದೆ. ಜೀವಂತ ಅಂಗಾಂಶವಾದ್ದರಿಂದ ನಮ್ಮ ಜೊತೆ ತಾನೂ ಬೆಳೆಯುತ್ತದೆ. ಜೇಡದ ಕವಚ ಹಾಗಲ್ಲ. ಚರ್ಮದ ಕೋಶಗಳು ಅದನ್ನು ಸ್ರವಿಸಿ ಹೊರಗೆ ಹಾಕಿರುತ್ತವೆ. ಒಮ್ಮೆ ಗಟ್ಟಿಯಾದ ಭಾಗ ಮತ್ತೆ ಹಿಗ್ಗುವುದಿಲ್ಲ. ಮಗುವಿನ ಕಾಲು ಬೆಳೆದಂತೆ ಹೊಸ ಚಪ್ಪಲಿ ಬೇಕಾಗುವ ಹಾಗೆ ಜೇಡಕ್ಕೂ ಹೊಸ ಕವಚ ಬೇಕು. ಹಳೆಯ ಕವಚ ಬಿಟ್ಟು ಹೊಸದರೊಂದಿಗೆ ಹೊರಬರುವ ಕ್ರಿಯೆಯೇ ಪೊರೆ ಕಳಚುವಿಕೆ, ಎಕ್ಡೈಸಿಸ್. ಇದಕ್ಕೆ ಅಪ್ಪಣೆ ಕೊಡುವುದು ಎಕ್ಡೈಸೋನ್ ಎಂಬ ಸ್ಟೆರಾಯ್ಡ್ ಹಾರ್ಮೋನು.

ಜೇಡದ ಎಲ್ಲ ಭಾಗವೂ ಒಂದೇ ರೀತಿ ಗಟ್ಟಿಯಾಗಿರುವುದಿಲ್ಲ ಎಂಬುದನ್ನು ಗಮನಿಸಿ. ಹೊಟ್ಟೆಯ ಭಾಗ ಮೆತ್ತಗಿರುತ್ತದೆ, ಉಂಡಂತೆಲ್ಲ ಉಬ್ಬುತ್ತದೆ. ಆದರೆ ಬೆನ್ನಿನ ಫಲಕ, ಕಾಲು ಮತ್ತು ವಿಷದ ಹಲ್ಲುಗಳು ಪೊರೆ ಕಳಚಿದಾಗ ಮಾತ್ರ ದೊಡ್ಡದಾಗುತ್ತವೆ. ಅಂದರೆ ತೂಕ ದಿನದಿನಕ್ಕೂ ಏರಬಹುದು, ಕಾಲಿನ ಉದ್ದ ಮಾತ್ರ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಎರಡು ಪೊರೆಗಳ ನಡುವಿನ ಪ್ರತಿ ಮೆಟ್ಟಿಲನ್ನು ಇನ್‌ಸ್ಟಾರ್ ಎನ್ನುತ್ತಾರೆ.

ಪೊರೆ ಕಳಚುವ ಹಂತಗಳು

1. ಸಿದ್ಧತೆ: ಜೇಡ ಆಹಾರ ಬಿಡುತ್ತದೆ, ಚಲನೆ ಕಡಿಮೆ ಮಾಡುತ್ತದೆ, ಬಣ್ಣ ಮಂಕಾಗುತ್ತದೆ. ಒಳಗೆ ಚರ್ಮದ ಕೋಶಗಳು ಹಳೆಯ ಕವಚದಿಂದ ಬಿಡಿಸಿಕೊಂಡು, ನಡುವೆ ಒಂದು ದ್ರವವನ್ನು ಸ್ರವಿಸುತ್ತವೆ. ಈ ದ್ರವ ಹಳೆಯ ಕವಚದ ಒಳಪದರವನ್ನು ಕರಗಿಸಿ, ಅದರ ಸತ್ವವನ್ನು ದೇಹಕ್ಕೆ ಹಿಂದಿರುಗಿಸುತ್ತದೆ. ಅದರ ಕೆಳಗೆ ಹೊಸ ಕವಚ ಮಡಿಕೆಮಡಿಕೆಯಾಗಿ ತಯಾರಾಗುತ್ತದೆ.

2. ಹಾಸಿಗೆ: ಟರಾಂಟುಲಾ ನೆಲದ ಮೇಲೆ ನೂಲಿನ ಹಾಸು ನೇಯ್ದು, ಸಾಮಾನ್ಯವಾಗಿ ಅದರ ಮೇಲೆ ಬೆನ್ನಡಿಯಾಗಿ ಮಲಗುತ್ತದೆ.

3. ಬಿರುಕು: ಹೊಟ್ಟೆಯ ಭಾಗದಲ್ಲಿರುವ ರಕ್ತದ್ರವವನ್ನು ಮುಂಭಾಗಕ್ಕೆ ಒತ್ತುತ್ತದೆ. ಒತ್ತಡಕ್ಕೆ ಬೆನ್ನಿನ ಫಲಕದ ಅಂಚು ಬಿರಿದು, ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ.

4. ಹೊರಬರುವಿಕೆ: ಎಂಟು ಕಾಲು, ಬಾಯಿಯ ಪಕ್ಕದ ಎರಡು ಸ್ಪರ್ಶಾಂಗ, ವಿಷದ ಹಲ್ಲು ಎಲ್ಲವನ್ನೂ ಕೈಚೀಲದಿಂದ ಬೆರಳು ಎಳೆದುಕೊಂಡಂತೆ ಒಂದೊಂದಾಗಿ ಎಳೆದುಕೊಳ್ಳುತ್ತದೆ. ಪುಸ್ತಕ ಶ್ವಾಸಕೋಶಗಳ ಮತ್ತು ಅನ್ನನಾಳದ ಮುಂಭಾಗದ ಒಳಪೊರೆಯೂ ಇದರೊಂದಿಗೇ ಕಳಚಿ ಬರುತ್ತದೆ. ಚಿಕ್ಕ ಮರಿಗೆ ಇದೆಲ್ಲ ಅರ್ಧ ಗಂಟೆಯೊಳಗೆ ಮುಗಿಯಬಹುದು. ದೊಡ್ಡ ಜೇಡಕ್ಕೆ ಹಲವು ಗಂಟೆ ಬೇಕು.

5. ಗಟ್ಟಿಯಾಗುವಿಕೆ: ಹೊರಬಂದಾಗ ಮೈ ಮೆತ್ತಗೆ, ಹಲ್ಲು ಬೆಳ್ಳಗೆ. ದಿನ ಕಳೆದಂತೆ ಹಲ್ಲು ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾಗುವವರೆಗೆ ಅದು ಬೇಟೆಯಾಡಲಾರದು.

ಸತ್ತಿದೆಯೋ, ಪೊರೆ ಬಿಡುತ್ತಿದೆಯೋ?

ಇದು ಪರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲ, ಒಂದು ಜೀವದ ಪ್ರಶ್ನೆ. ಕಾಲು ಮೇಲೆ ಮಾಡಿ ಅಲುಗಾಡದೆ ಮಲಗಿದ ಜೇಡವನ್ನು ನೋಡಿದವರು ಸತ್ತಿತೆಂದು ಎಸೆದುಬಿಡುತ್ತಾರೆ, ಇಲ್ಲವೆ ನೆಟ್ಟಗೆ ಮಾಡಲು ಹೋಗಿ ಕೊಲ್ಲುತ್ತಾರೆ.

ಗುರುತಿಸಲು ಒಂದು ಭೌತಶಾಸ್ತ್ರದ ನಿಯಮ ಸಾಕು. ಜೇಡ ಕಾಲು ಮಡಿಸುವುದು ಸ್ನಾಯುವಿನಿಂದ. ಆದರೆ ಕಾಲಿನ ಎರಡು ಮುಖ್ಯ ಕೀಲುಗಳನ್ನು ಚಾಚಲು ಅದಕ್ಕೆ ಸ್ನಾಯುವಿಲ್ಲ. ರಕ್ತದ್ರವದ ಒತ್ತಡದಿಂದ ಚಾಚುತ್ತದೆ, ಜೆಸಿಬಿಯ ತೋಳು ದ್ರವದ ಒತ್ತಡದಿಂದ ಎದ್ದಂತೆ. ಜೀವ ಹೋಗುವಾಗ ಅಥವಾ ನೀರಿನಂಶ ತೀರ ಕಡಿಮೆಯಾದಾಗ ಒತ್ತಡ ಇಳಿದು ಕಾಲುಗಳು ಹೊಟ್ಟೆಯಡಿಗೆ ಮುದುಡಿಕೊಳ್ಳುತ್ತವೆ. ಹೀಗಾಗಿ ಸಾಯುವ ಜೇಡ ಹೆಚ್ಚಾಗಿ ನೆಟ್ಟಗೆ ಕೂತು ಕಾಲು ಮುದುಡಿಕೊಂಡಿರುತ್ತದೆ. ಪೊರೆ ಬಿಡುವ ಜೇಡ ಬೆನ್ನಡಿಯಾಗಿ ಕಾಲು ಚಾಚಿಕೊಂಡಿರುತ್ತದೆ. ಎರಡನೆಯದನ್ನು ಮುಟ್ಟಬಾರದು, ಊದಬಾರದು, ನೀರು ಚಿಮುಕಿಸಬಾರದು. ಡಬ್ಬಿಯಲ್ಲಿ ಉಳಿದ ಜೀವಂತ ಕೀಟವನ್ನು ಮೊದಲೇ ತೆಗೆದಿರಬೇಕು. ಮೆತ್ತಗಿರುವ ಜೇಡವನ್ನು ಒಂದು ಮಿಡತೆಯೂ ಕಚ್ಚಿ ಕೊಲ್ಲಬಲ್ಲದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಂಥ ಊರಲ್ಲಿ ಒಣಹವೆಯೂ ಶತ್ರುವೇ. ದೇಹದಲ್ಲಿ ನೀರಿಲ್ಲದಿದ್ದರೆ ಒತ್ತಡ ಹುಟ್ಟದು, ಜೇಡ ಹಳೆಯ ಕವಚದೊಳಗೇ ಸಿಕ್ಕಿಬೀಳುತ್ತದೆ. ಕಾಲೊಂದು ಸಿಕ್ಕಿಕೊಂಡರೆ ಅದನ್ನು ಕಳಚಿಕೊಂಡು ಬದುಕಬಲ್ಲದು; ಮುಂದಿನ ಪೊರೆಗಳಲ್ಲಿ ಆ ಕಾಲು ಮೊದಲು ಸಣ್ಣದಾಗಿ, ಆಮೇಲೆ ಪೂರ್ತಿಯಾಗಿ ಮತ್ತೆ ಬೆಳೆಯುತ್ತದೆ.

ಬೆಳವಣಿಗೆಯ ಲೆಕ್ಕ

ಪ್ರಿಜಿಬ್ರಾಮ್ ಎಂಬ ವಿಜ್ಞಾನಿ 1912ರಲ್ಲಿ ಒಂದು ಅಂದಾಜು ಮುಂದಿಟ್ಟರು: ಒಂದು ಪೊರೆಯಿಂದ ಇನ್ನೊಂದಕ್ಕೆ ತೂಕ ಎರಡು ಪಟ್ಟಾದರೆ, ಉದ್ದ 2ರ ಘನಮೂಲದಷ್ಟು, ಅಂದರೆ ಸುಮಾರು 1.26 ಪಟ್ಟು ಆಗಬೇಕು. ಕಾಲು ಚಾಚಿದಾಗ 1.2 ಸೆಂ.ಮೀ. ಇರುವ ಮರಿ 10 ಬಾರಿ ಪೊರೆ ಕಳಚಿತು ಎನ್ನಿ. ಉದ್ದ 1.26ರ ಹತ್ತನೆಯ ಘಾತದಷ್ಟು, ಸುಮಾರು 10 ಪಟ್ಟು ಏರಿ 12 ಸೆಂ.ಮೀ. ಆಗುತ್ತದೆ. ತೂಕ 2ರ ಹತ್ತನೆಯ ಘಾತ, ಅಂದರೆ 1024 ಪಟ್ಟಾಗುತ್ತದೆ.

ಇದು ಅಂದಾಜು ಮಾತ್ರ. ಆಹಾರ, ಉಷ್ಣತೆ, ಪ್ರಭೇದಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ಎಳೆಯ ಮರಿ ಕೆಲವು ವಾರಗಳಿಗೊಮ್ಮೆ ಪೊರೆ ಬಿಟ್ಟರೆ, ಬೆಳೆದಂತೆ ತಿಂಗಳುಗಳ ಅಂತರ ಬೀಳುತ್ತದೆ. ಬೆಳೆದ ಹೆಣ್ಣು ವರ್ಷಕ್ಕೊಮ್ಮೆ ಅಥವಾ ಇನ್ನೂ ತಡವಾಗಿ ಪೊರೆ ಬಿಡುತ್ತಾ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಗಂಡು ಪ್ರೌಢವಾದ ಮೇಲೆ ಸಾಮಾನ್ಯವಾಗಿ ಮತ್ತೆ ಪೊರೆ ಬಿಡುವುದಿಲ್ಲ. ಅದರ ಆಯುಸ್ಸು ಬೇಗ ಮುಗಿಯುತ್ತದೆ. ಕಳಚಿದ ಪೊರೆಯಲ್ಲಿ ಹೆಣ್ಣಿನ ವೀರ್ಯಕೋಶದ ಒಳಪೊರೆಯೂ ಇರುವುದರಿಂದ, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗಂಡೋ ಹೆಣ್ಣೋ ಹೇಳಬಹುದು.

ನಮ್ಮ ಹೊಲ, ನಮ್ಮ ಮನೆ

ರಾಮನಗರ, ಕೋಲಾರ ಕಡೆಯ ರೇಷ್ಮೆ ಬೆಳೆಗಾರರು ಹುಳು ಪೊರೆ ಬಿಡುವ ಕಾಲವನ್ನು ‘ಜ್ವರ’ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಹಾಸಿಗೆಯನ್ನು ಸುಣ್ಣದ ಪುಡಿಯಿಂದ ಒಣಗಿಸುತ್ತಾರೆ, ಯಾರೂ ಕದಲಿಸುವುದಿಲ್ಲ. ಟರಾಂಟುಲಾಕ್ಕೂ ರೇಷ್ಮೆಹುಳುವಿಗೂ ನಿಯಮ ಒಂದೇ: ಆ ಹೊತ್ತಿನಲ್ಲಿ ಊಟ ಬೇಡ, ನೆಮ್ಮದಿ ಬೇಕು.

ತೊಗರಿ ಕಣಜವೆನಿಸಿದ ನಮ್ಮ ಜಿಲ್ಲೆಯಲ್ಲಿ ಕಾಯಿಕೊರಕ ರೈತನ ದೊಡ್ಡ ತಲೆನೋವು. ಆ ಹುಳುವೂ ಸಾಮಾನ್ಯವಾಗಿ ಐದಾರು ಮೆಟ್ಟಿಲು ದಾಟಿಯೇ ಬೆಳೆಯುತ್ತದೆ. ನೊವಾಲ್ಯುರಾನ್‌ನಂಥ ಔಷಧಿಗಳು ನರಕ್ಕೆ ಹೊಡೆಯುವ ವಿಷವಲ್ಲ. ಹೊಸ ಕೈಟಿನ್ ತಯಾರಾಗದಂತೆ ತಡೆಯುತ್ತವೆ. ಹುಳು ಪೊರೆ ಕಳಚಲು ಹೋಗಿ ಸಾಯುತ್ತದೆ. ಅದಕ್ಕೇ ಇಂಥ ಔಷಧಿಯನ್ನು ಹುಳು ಚಿಕ್ಕದಿರುವಾಗಲೇ ಸಿಂಪಡಿಸಬೇಕು. ಕೊನೆಯ ಮೆಟ್ಟಿಲಿಗೆ ಬಂದ ಹುಳು ಸಾಯುವಷ್ಟರಲ್ಲಿ ಕಾಯಿ ಕೊರೆದು ಮುಗಿಸಿರುತ್ತದೆ.

ಕಲ್ಲಿನಡಿಯ ಚೇಳಿನ ಮರಿಗಳು ಮೊದಲ ಪೊರೆ ಕಳಚುವವರೆಗೆ ತಾಯಿಯ ಬೆನ್ನ ಮೇಲೆಯೇ ಇರುತ್ತವೆ. ಅಡುಗೆಮನೆಯ ಜಿರಳೆಯ ಮರಿ ಸುಮಾರು 13 ಬಾರಿ ಪೊರೆ ಕಳಚಿ ಪ್ರೌಢವಾಗುತ್ತದೆ. ಅಪರೂಪಕ್ಕೆ ಕಾಣುವ ಬಿಳಿ ಜಿರಳೆ ಬೇರೆ ಜಾತಿಯದಲ್ಲ, ಈಗಷ್ಟೇ ಪೊರೆ ಬಿಟ್ಟದ್ದು.

ಸಾಕುವ ಮುನ್ನ

ಕುತೂಹಲ ಒಳ್ಳೆಯದು, ಕೊಳ್ಳುವ ಮೊದಲು ಯೋಚಿಸಿ. ಕಾಡಿನ ಪೊಟರೆಯಿಂದ ಹಿಡಿದು ಮಾರುವ ಪ್ರತಿ ಜೇಡವೂ ಆ ಕಾಡಿಗೆ ನಷ್ಟ. ಪೊಯಿಸಿಲೊಥೀರಿಯಾ ಕುಲವನ್ನು 2019ರಲ್ಲಿ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ, ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳಿಗೂ ನಿಯಮ ಹಾಕಿದೆ. ಈ ಕುಲದ ಜೇಡಗಳು ಕಚ್ಚಿದರೆ ತೀವ್ರ ನೋವು ಮತ್ತು ಸ್ನಾಯುಸೆಳೆತ ದಿನಗಟ್ಟಲೆ ಕಾಡಬಹುದು. ಹೀಗಾಗಿ ಕೈಗೆತ್ತಿಕೊಂಡು ಆಡುವ ಪ್ರಾಣಿ ಇದಲ್ಲ.

ಮಾಡಿ ನೋಡಿ

ಹಣ ಖರ್ಚಿಲ್ಲದೆ ಇದೇ ಪಾಠ ಕಲಿಯಬಹುದು. ಮನೆಯ ಮೂಲೆಯ ಬಲೆಗಳಲ್ಲಿ ಜೇಡದ ಖಾಲಿ ಪೊರೆ ತೂಗುತ್ತಿರುತ್ತದೆ. ಕಮಲಾಪುರದಿಂದ ಬರುವ ವಿದ್ಯಾರ್ಥಿಗಳು ಕೆಂಪು ಬಾಳೆಯ ತೋಟದಲ್ಲಿ ಒಣಗಿದ ಎಲೆಗಳ ಮಡಿಕೆಯಲ್ಲಿ ಹುಡುಕಬಹುದು; ಬರಿಗೈ ಹಾಕದೆ ಕಡ್ಡಿಯಿಂದ ಎಲೆ ಸರಿಸಿ. ಅಲ್ಲಿ ಕಾಣಬಹುದಾದ ಚಪ್ಪಟೆ ಮೈಯ ದೊಡ್ಡ ಜೇಡ ಟರಾಂಟುಲಾ ಅಲ್ಲ, ಹಂಟ್ಸ್‌ಮನ್ ಜೇಡ. ಅದನ್ನು ಕೊಲ್ಲಬೇಡಿ, ಜಿರಳೆ ತಿನ್ನುತ್ತದೆ. ಸಿಕ್ಕ ಪೊರೆಯನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲಿಟ್ಟು, ದಿನಾಂಕ ಮತ್ತು ಸ್ಥಳ ಬರೆದು ಪ್ರಯೋಗಾಲಯಕ್ಕೆ ತನ್ನಿ. ಬೆನ್ನಿನ ಮುಚ್ಚಳ ಎಲ್ಲಿ ತೆರೆದಿದೆ, ಕಾಲಿನ ಪೊರೆ ಎಷ್ಟಿವೆ ನೋಡಿ.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

1. ಜೇಡದ ಹೊಟ್ಟೆ ಪೊರೆ ಕಳಚದೆಯೂ ದೊಡ್ಡದಾಗುತ್ತದೆ, ಕಾಲು ಆಗುವುದಿಲ್ಲ. ಏಕೆ?
2. ಸತ್ತ ಜೇಡದ ಕಾಲುಗಳು ಮುದುಡಿಕೊಳ್ಳಲು ಕಾರಣವೇನು?
3. ಕೈಟಿನ್ ತಯಾರಿಕೆಯನ್ನು ತಡೆಯುವ ಔಷಧಿ ಮನುಷ್ಯನ ದೇಹದಲ್ಲಿ ಅದೇ ರೀತಿ ಕೆಲಸ ಮಾಡಲಾರದು. ಕಾರಣ ಕೊಡಿ.
4. ರೇಷ್ಮೆಹುಳು ನಾಲ್ಕೇ ಪೊರೆಗಳಲ್ಲಿ ಸುಮಾರು 10,000 ಪಟ್ಟು ತೂಗುತ್ತದೆ ಎನ್ನುತ್ತಾರೆ. ಪ್ರಿಜಿಬ್ರಾಮ್ ಅಂದಾಜು ಇಲ್ಲಿ ಏಕೆ ಸೋಲುತ್ತದೆ? (ಸುಳಿವು: ಅದರ ಮೈ ಎಷ್ಟು ಮೆತ್ತಗಿದೆ?)

ಉತ್ತರಗಳನ್ನು ಬರೆದು ನಿಮ್ಮ ಜೀವಶಾಸ್ತ್ರ ಉಪನ್ಯಾಸಕರಿಗೆ ತೋರಿಸಿ.