ಸಹಿ ಹಾಕುವ ಮುನ್ನ

ಅಮ್ಮನಿಗೆ ಮರೆವು ಜಾಸ್ತಿಯಾಗಿದೆ ಎಂದು ಕಾರ್ಕಳದಿಂದಲೋ ಕಾಪುವಿನಿಂದಲೋ ಮಣಿಪಾಲಕ್ಕೆ ಕರೆದುಕೊಂಡು ಬಂದಿದ್ದೀರಿ. ‘ಒಂದು ಕ್ಲಿನಿಕಲ್ ಟ್ರಯಲ್ ಇದೆ, ಸೇರುತ್ತೀರಾ?’ ಎಂದು ವೈದ್ಯರು ಕೇಳಿದರೆ ಹೆದರಬೇಡಿ, ಗಡಿಬಿಡಿಯಲ್ಲಿ ಸಹಿಯನ್ನೂ ಹಾಕಬೇಡಿ.

ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆದು ಮನೆಗೆ ತನ್ನಿ. ಅಮ್ಮನಿಗೆ ತುಳುವೋ ಕೊಂಕಣಿಯೋ ಸಲೀಸಾದರೆ ಆ ಭಾಷೆಯಲ್ಲೇ ವಿವರಿಸಲು ಹೇಳಿ. ಮರೆವು ಬಂದಿದೆ ಎಂದ ಮಾತ್ರಕ್ಕೆ ಅವರನ್ನು ಬದಿಗಿಟ್ಟು ಮಕ್ಕಳೇ ತೀರ್ಮಾನಿಸುವುದು ಸರಿಯಲ್ಲ. ಕಾಯಿಲೆಯ ಆರಂಭದಲ್ಲಿ ಎಷ್ಟೋ ಮಂದಿ ತಮ್ಮ ಬೇಕು ಬೇಡಗಳನ್ನು ಸ್ಪಷ್ಟವಾಗಿಯೇ ಹೇಳುತ್ತಾರೆ.

ಪತ್ರದಲ್ಲಿ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಇದೆಯೇ ನೋಡಿ. ಔಷಧ ಪ್ರಯೋಗಗಳಿಗೆ ಈ ನೋಂದಣಿ 2009ರಿಂದ ಕಡ್ಡಾಯ. ಅದರ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಪುಕ್ಕಟೆ ಸಿಗುತ್ತದೆ. ಪ್ರಯೋಗದಿಂದಲೇ ತೊಂದರೆಯಾದರೆ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಂತೆ ಉಚಿತ ಚಿಕಿತ್ಸೆಯೂ ಪರಿಹಾರವೂ ಉಂಟು. ಬೇಡವೆನಿಸಿದ ದಿನ ಹೊರಬರಬಹುದು, ಮಾಮೂಲಿ ಚಿಕಿತ್ಸೆ ಅದರಿಂದ ನಿಲ್ಲುವಂತಿಲ್ಲ. ಹೋಲಿಸಿ ನೋಡಲೆಂದು ಕೆಲವರಿಗೆ ಕೊಡುವ, ಔಷಧವೇ ಇಲ್ಲದ ಗುಳಿಗೆ ಅಮ್ಮನ ಪಾಲಿಗೆ ಬರಬಹುದು ಎಂಬುದೂ ತಿಳಿದಿರಲಿ.

ಎಲ್ಲ ಟ್ರಯಲ್‌ಗಳೂ ಗುಳಿಗೆಯವಲ್ಲ. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಒಳ್ಳೆಯ ಊಟ, ವ್ಯಾಯಾಮ, ಮೆದುಳಿಗೆ ಕಸರತ್ತು, ಬಿಪಿಯ ಮೇಲೆ ನಿಗಾ ಎಲ್ಲ ಒಟ್ಟಿಗೆ ಕೊಟ್ಟರು. ಅವರ ಯೋಚನಾಶಕ್ತಿ ಇನ್ನೊಂದು ಗುಂಪಿನವರಿಗಿಂತ ಚೆನ್ನಾಗಿ ಉಳಿಯಿತು ಎಂದು 2015ರಲ್ಲಿ ಪ್ರಕಟವಾಯಿತು.

ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರುವ ಮನೆಗಳು ನಮ್ಮಲ್ಲಿ ಬಹಳ. ತಪಾಸಣೆಗೆ ಎಷ್ಟು ಸಲ ಹೋಗಬೇಕು, ಬಸ್ಸು ರಿಕ್ಷಾದ ಖರ್ಚು ಕೊಡುತ್ತಾರೆಯೇ, ಪ್ರತಿ ಸಲ ಅಮ್ಮನ ಜೊತೆ ಯಾರು ಬರುತ್ತಾರೆ ಎಂಬುದನ್ನು ಸೇರುವ ಮೊದಲೇ ಗೊತ್ತುಮಾಡಿಕೊಳ್ಳಿ.