ಬಂದು ಹೋಗುವ ದೋಷ: ಹಳೆಯ ಕಾರಿನ ಇಂಧನ ವ್ಯವಸ್ಥೆ ಕಲಿಸುವ ಪಾಠಗಳು

ಸದಾ ಇರುವ ದೋಷವನ್ನು ಅನುಭವವುಳ್ಳ ಯಾವ ಮೆಕ್ಯಾನಿಕ್ ಆದರೂ ಬೇಗನೆ ಹುಡುಕಬಲ್ಲನು. ಆದರೆ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಕಾರು ಮಧ್ಯಾಹ್ನ ಹಟ ಹಿಡಿದು ನಿಂತು, ಗ್ಯಾರೇಜು ತಲುಪುವ ಹೊತ್ತಿಗೆ ಏನೂ ಆಗಿರದಂತೆ ಓಡತೊಡಗಿದರೆ ಅಲ್ಲಿ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ಇಂಥ ಸಂದರ್ಭಗಳಲ್ಲಿ ಪ್ಲಗ್, ಫಿಲ್ಟರ್, ಪಂಪ್ ಎಂದು ಒಂದೊಂದೇ ಭಾಗವನ್ನು ಊಹೆಯ ಮೇಲೆ ಬದಲಿಸುವ ರೂಢಿ ಬೆಳೆದುಬಂದಿದ್ದು, ಅದರಿಂದ ಹಣ ಖರ್ಚಾಗುವುದರ ಜೊತೆಗೆ ದೋಷದ ಗುರುತುಗಳೂ ಅಳಿಸಿಹೋಗುತ್ತವೆ. ಹಳೆಯ ಕಾರುಗಳನ್ನು ವರ್ಷಗಟ್ಟಲೆ ಬಳಸಿದವರು ಕೊನೆಗೆ ಕಂಡುಕೊಳ್ಳುವ ಸತ್ಯವೆಂದರೆ, ಆಗಾಗ ಬರುವ ದೋಷಕ್ಕೂ ತನ್ನದೇ ಆದ ನಿಯಮವಿರುತ್ತದೆ ಮತ್ತು ಆ ನಿಯಮ ತಿಳಿಯುವವರೆಗೆ ಸ್ಪ್ಯಾನರ್ ಹಿಡಿಯಬೇಕಾದ ಅಗತ್ಯವಿಲ್ಲ.

ಭಾರತದ ರಸ್ತೆಗಳಲ್ಲಿ ಉಳಿದಿರುವ ಹಳೆಯ ಪೆಟ್ರೋಲ್ ಕಾರುಗಳು ಇಂಧನ ಪೂರೈಕೆಯ ದೃಷ್ಟಿಯಿಂದ ಎರಡು ಪೀಳಿಗೆಗಳಿಗೆ ಸೇರುತ್ತವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರಲ್ಲಿ ಬಂದ ಮಾರುತಿ 800ರ ಮೊದಲ ಮಾದರಿಗಳಲ್ಲಿ ಕಾರ್ಬುರೇಟರ್ ಇತ್ತು. ಎಂಜಿನ್ ಒಳಗೆಳೆಯುವ ಗಾಳಿಯ ವೇಗದಿಂದಲೇ ಪೆಟ್ರೋಲನ್ನು ಹೀರಿ ಬೆರೆಸುವ ಈ ಸಾಧನಕ್ಕೆ, ಎಂಜಿನ್ನಿನ ಚಲನೆಯಿಂದಲೇ ನಡೆಯುವ ಡಯಾಫ್ರಮ್ ಪಂಪ್ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕೊಡುತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಸಾಮಾನ್ಯವಾಯಿತು. ಇದರಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪ್ ಸಾಮಾನ್ಯವಾಗಿ 2.5ರಿಂದ 3 ಬಾರ್ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ಎರಡೂ ಪೀಳಿಗೆಗಳು ಸ್ಟಾರ್ಟ್ ಆಗಲು ಸತಾಯಿಸುತ್ತವೆಯಾದರೂ ಸತಾಯಿಸುವ ಕಾರಣಗಳು ಬೇರೆ ಬೇರೆ.

ಪತ್ತೆಕಾರ್ಯದ ಮೊದಲ ಸಾಧನ ಒಂದು ಪುಟ್ಟ ನೋಟ್‌ಪುಸ್ತಕ. ಕಾರು ಸ್ಟಾರ್ಟ್ ಆಗದಿದ್ದಾಗ ಎಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಆಫ್ ಮಾಡಿ ಎಷ್ಟು ಹೊತ್ತಾಗಿತ್ತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಹಿಂದಿನ ರಾತ್ರಿ ಮಳೆ ಬಿದ್ದಿತ್ತೇ, ಪೆಟ್ರೋಲ್ ವಾಸನೆ ಬಂದಿತೇ ಎಂಬುದನ್ನು ಅಲ್ಲಿಯೇ ಬರೆದಿಟ್ಟರೆ ಕೆಲವೇ ವಾರಗಳಲ್ಲಿ ಒಂದು ಕ್ರಮ ಗೋಚರಿಸುತ್ತದೆ. ಬಿಸಿ ಎಂಜಿನ್ನನ್ನು ಆಫ್ ಮಾಡಿದ ಕೂಡಲೇ ಸ್ಟಾರ್ಟ್ ಆಗುವ, ಅರ್ಧ ಗಂಟೆಯ ನಂತರ ಆಗದ, ಆದರೆ ಮೂರು ಗಂಟೆಯ ನಂತರ ಮತ್ತೆ ಆಗುವ ಕಾರು, ನಿಂತ ಎಂಜಿನ್ನಿನ ಶಾಖ ಇಂಧನದ ಮಾರ್ಗಕ್ಕೆ ಏರಿದಾಗ ಮಾತ್ರ ತೊಂದರೆ ಹುಟ್ಟುತ್ತದೆ ಎಂಬುದನ್ನು ತಾನಾಗಿಯೇ ಹೇಳಿಬಿಟ್ಟಿರುತ್ತದೆ.

ಎರಡನೆಯ ಹೆಜ್ಜೆ, ತೊಂದರೆ ನಿಜವಾಗಿಯೂ ಇಂಧನದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಪ್ಲಗ್ಗಿಗೆ ಕಿಡಿ ಬರುತ್ತಿದೆಯೇ, ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಕರೆಂಟ್ ಬರುತ್ತಿದೆಯೇ ಎಂಬುದನ್ನು ಕಾರು ನಿಂತಿರುವ ಆ ಹೊತ್ತಿನಲ್ಲೇ, ಪೆಟ್ರೋಲ್ ಆವಿ ಸುಳಿಯದ ಜಾಗದಲ್ಲಿ ಸ್ಪಾರ್ಕ್ ಟೆಸ್ಟರ್ ಹಿಡಿದು ನೋಡಬೇಕು. ಇಂಜೆಕ್ಷನ್ ಕಾರುಗಳಲ್ಲಿ ಈ ಎಚ್ಚರಿಕೆ ಇನ್ನೂ ಮುಖ್ಯ, ಏಕೆಂದರೆ ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಯಾದಾಗ ಕೈಕೊಟ್ಟರೆ ಕಿಡಿಯೂ ಪೆಟ್ರೋಲೂ ಒಟ್ಟಿಗೇ ನಿಲ್ಲುತ್ತವೆ ಮತ್ತು ಪಂಪ್ ಸುಮ್ಮನಿರುವುದನ್ನಷ್ಟೇ ಗಮನಿಸಿದವರು ತಪ್ಪಿಲ್ಲದ ಪಂಪನ್ನು ಕಿತ್ತು ಹೊಸದನ್ನು ಹಾಕಿಸುತ್ತಾರೆ.

ಕಾರ್ಬುರೇಟರ್ ಕಾರುಗಳಲ್ಲಿ ಬಿಸಿಯಿಂದ ಹುಟ್ಟುವ ಎರಡು ದೋಷಗಳು ಹೊರನೋಟಕ್ಕೆ ಒಂದೇ ರೀತಿ ಕಂಡರೂ ಪರಸ್ಪರ ವಿರುದ್ಧವಾದವು. ಪಂಪಿನಲ್ಲಿ ಅಥವಾ ಅದರ ಕೊಳವೆಯಲ್ಲಿ ಪೆಟ್ರೋಲ್ ಕುದಿದು ಆವಿಯಾದರೆ ಪಂಪ್ ಆವಿಯನ್ನಷ್ಟೇ ಹಿಂಡುತ್ತಾ ಕಾರ್ಬುರೇಟರ್ ಬರಿದಾಗುತ್ತದೆ. ಇದೇ ವೇಪರ್ ಲಾಕ್. ಎರಡನೆಯದರಲ್ಲಿ ಕಾರ್ಬುರೇಟರಿನ ಫ್ಲೋಟ್ ಚೇಂಬರ್, ಅಂದರೆ ಪೆಟ್ರೋಲ್ ಸಂಗ್ರಹವಾಗಿರುವ ಸಣ್ಣ ತೊಟ್ಟಿಯೇ ಕುದಿದು ಎಂಜಿನ್ನಿನೊಳಕ್ಕೆ ಉಕ್ಕುವುದರಿಂದ ಪೆಟ್ರೋಲ್ ಅತಿಯಾಗುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕುದಿಯತೊಡಗುವುದರಿಂದಲೂ, ಎತ್ತರದ ಸ್ಥಳಗಳಲ್ಲಿ ಗಾಳಿಯ ಒತ್ತಡ ಕಡಿಮೆಯಿದ್ದು ಕುದಿಬಿಂದು ಇನ್ನಷ್ಟು ಇಳಿಯುವುದರಿಂದಲೂ, ಬೇಸಿಗೆಯಲ್ಲಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಚಹಾಕ್ಕೆ ನಿಲ್ಲಿಸಿದ ಕಾರಿಗೆ ಈ ಎರಡರಲ್ಲಿ ಯಾವುದಾದರೂ ಒದಗಬಹುದು. ಯಾವುದೆಂದು ಪ್ಲಗ್ ಬಿಚ್ಚಿ ನೋಡಿದರೆ ತಿಳಿಯುತ್ತದೆ: ಒಣಗಿದ ಪ್ಲಗ್ ವೇಪರ್ ಲಾಕ್‌ನ ಕಡೆಗೂ, ಪೆಟ್ರೋಲಿನಲ್ಲಿ ತೊಯ್ದ ಪ್ಲಗ್ ಉಕ್ಕಿದ ಪೆಟ್ರೋಲಿನ ಕಡೆಗೂ ಬೆರಳು ತೋರುತ್ತದೆ. ಮೊದಲನೆಯದಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವ ಚಾಲಕರ ಹಳೆಯ ಉಪಾಯ ಸರಿಯಾದದ್ದು. ಎರಡನೆಯದಕ್ಕೆ ಆಕ್ಸಿಲರೇಟರನ್ನು ಮೇಲೆ ಕೆಳಗೆ ಒತ್ತದೆ, ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಕಾರ್ಬುರೇಟರಿನ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿಯುತ್ತಾ ಸ್ಟಾರ್ಟ್ ಮಾಡುವ ಪದ್ಧತಿಯನ್ನಂತೂ ಕೈಬಿಡಲೇಬೇಕು. ಎಂಜಿನ್ ಒಮ್ಮೆ ಹಿಮ್ಮುಖವಾಗಿ ಸಿಡಿದರೆ ಬೆಂಕಿ ಬಾಟಲಿಯವರೆಗೂ ಬರುತ್ತದೆ.

ಬೆಳಗಿನ ಹೊತ್ತು ಮಾತ್ರ ಸತಾಯಿಸುವ ಕಾರ್ಬುರೇಟರ್ ಕಾರಿನ ದೋಷ ಸಾಮಾನ್ಯವಾಗಿ ಹಿಂದಕ್ಕೆ ಸರಿದ ಪೆಟ್ರೋಲಿನದು. ಪಂಪಿನ ಕವಾಟ ಸವೆದಿದ್ದರೆ ರಾತ್ರಿಯಿಡೀ ಪೆಟ್ರೋಲ್ ಟ್ಯಾಂಕಿಗೆ ಮರಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿ ಪೆಟ್ರೋಲ್ ಸೋರದೆ ಗಾಳಿ ಒಳಸೇರುವುದರಿಂದ, ನೆಲದ ಮೇಲೆ ಕಲೆಯಿಲ್ಲವೆಂದು ಕೊಳವೆ ಸರಿಯಿದೆಯೆಂದು ತೀರ್ಮಾನಿಸಲಾಗದು. ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ರಂಧ್ರ ಕಟ್ಟಿಕೊಂಡು ಓಡುವಾಗಲೇ ಎಂಜಿನ್ ಸೊರಗುತ್ತಿದ್ದರೆ, ಮುಚ್ಚಳ ತೆರೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಿಸುವುದೂ ಆನಂತರ ಕಾರು ಸರಾಗವಾಗಿ ಸ್ಟಾರ್ಟ್ ಆಗುವುದೂ ಸಾಕಷ್ಟು ಸಾಕ್ಷಿ.

ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಸದಾ ಒತ್ತಡದಲ್ಲಿರುವುದರಿಂದ ಅದರ ಕುದಿಬಿಂದು ಮೇಲೇರಿರುತ್ತದೆ. ಎಂಜಿನ್ ಆಫ್ ಆದ ಮೇಲೂ ಪಂಪಿನಲ್ಲಿರುವ ಚೆಕ್ ವಾಲ್ವ್, ಅಂದರೆ ಒಮ್ಮುಖ ಕವಾಟ, ಈ ಒತ್ತಡವನ್ನು ಹಿಡಿದಿಡುತ್ತದೆ. ಕವಾಟ ಸೋರಿದರೆ ಒತ್ತಡ ಇಳಿದು, ಬಿಸಿ ಎಂಜಿನ್ನಿನ ಮೇಲಿನ ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಮಲೆನಾಡಿನ ದಾರಿಗಳಲ್ಲಿ ಓಡುತ್ತಿದ್ದ ಒಂದು ಹಳೆಯ ಕಾರಿನಲ್ಲಿ ಹೀಗೆಯೇ ಆಗಿತ್ತು: ಫಿಲ್ಟರ್, ಪ್ಲಗ್ ಎಲ್ಲವೂ ಹೊಸದಾಗಿದ್ದರೂ ಘಾಟಿ ಹತ್ತಿ ನಿಲ್ಲಿಸಿದಾಗಲೆಲ್ಲ ಅದು ದೀರ್ಘಕಾಲ ಸೆಲ್ಫ್ ಬೇಡುತ್ತಿತ್ತು. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿದಾಗ ಪಂಪ್ ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುವುದು ವಾಡಿಕೆ. ಸೆಲ್ಫ್ ಹೊಡೆಯದೆ ಕೀಲಿಯನ್ನು ಹೀಗೆ ಕೆಲವು ಸಲ ಆನ್ ಆಫ್ ಮಾಡಿದ ಬಳಿಕ ಕಾರು ತಕ್ಷಣ ಸ್ಟಾರ್ಟ್ ಆದದ್ದರಿಂದ ಉಳಿಕೆ ಒತ್ತಡ ನಿಲ್ಲುತ್ತಿಲ್ಲವೆಂಬುದು ಯಾವ ಉಪಕರಣವೂ ಇಲ್ಲದೆ ತಿಳಿಯಿತು. ಇದರ ಬದಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ ಸ್ಟಾರ್ಟ್ ಆಗಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ ಎಂದು ಶಂಕಿಸಬೇಕಾಗುತ್ತಿತ್ತು.

ಒತ್ತಡ ಎಲ್ಲಿ ಸೋರುತ್ತಿದೆ ಎಂಬುದಕ್ಕೆ ಗೇಜ್ ಬೇಕು. ರಿಟರ್ನ್ ಕೊಳವೆಯುಳ್ಳ ವ್ಯವಸ್ಥೆಯಲ್ಲಿ ಪಂಪ್ ನಿಂತ ಕೂಡಲೇ ಪಂಪಿನಿಂದ ಬರುವ ರಬ್ಬರ್ ಕೊಳವೆಯನ್ನು ಕ್ಲ್ಯಾಂಪಿನಿಂದ ಬಿಗಿಹಿಡಿದಾಗ ಗೇಜಿನ ಮುಳ್ಳು ನಿಂತರೆ ದೋಷ ಪಂಪಿನ ಕವಾಟದ್ದು. ಟ್ಯಾಂಕಿಗೆ ಮರಳುವ ಕೊಳವೆಯನ್ನು ಹಿಡಿದಾಗ ನಿಂತರೆ ಒತ್ತಡ ನಿಯಂತ್ರಿಸುವ ರೆಗ್ಯುಲೇಟರಿನದ್ದು. ಎರಡನ್ನೂ ಹಿಡಿದರೂ ಇಳಿಯುತ್ತಲೇ ಇದ್ದರೆ, ಹೊರಗೆಲ್ಲೂ ಸೋರಿಕೆಯಿಲ್ಲದ ಪಕ್ಷದಲ್ಲಿ, ಇಂಜೆಕ್ಟರಿನದ್ದು. ಗಡಸಾದ ಹಳೆಯ ಕೊಳವೆ ಹೀಗೆ ಹಿಡಿದರೆ ಸೀಳಬಹುದಾದ್ದರಿಂದ ಅದನ್ನು ಮೊದಲೇ ಬದಲಿಸುವುದು, ಗೇಜ್ ಜೋಡಿಸುವ ಮುನ್ನ ಒತ್ತಡ ಇಳಿಸುವುದು, ಎಂಜಿನ್ ತಣಿದಿರುವುದು, ಅಗ್ನಿಶಾಮಕ ಹತ್ತಿರವಿರುವುದು ಕಡ್ಡಾಯ.

ಕೀಲಿ ತಿರುಗಿಸಿದಾಗ ಪಂಪಿನ ಸದ್ದೇ ಕೇಳದಿದ್ದರೆ ಹುಡುಕಾಟ ವಿದ್ಯುತ್ತಿನ ಕಡೆಗೆ ಹೊರಳಬೇಕು. ಪಂಪಿಗೆ ಕರೆಂಟ್ ಕೊಡುವ ರಿಲೇಯೊಳಗಿನ ಬೆಸುಗೆ ವರ್ಷಗಳ ನಂತರ ಬಿರುಕುಬಿಟ್ಟು, ಬಿಸಿಲಿಗೆ ಕಾದ ಕಾರಿನಲ್ಲಿ ಸಂಪರ್ಕ ಕಡಿದುಕೊಂಡು ತಣ್ಣಗಾದಾಗ ಮತ್ತೆ ಕೂಡಿಕೊಳ್ಳುವುದು ಹಳೆಯ ಕಾರುಗಳಲ್ಲಿ ಸುಪರಿಚಿತ. ತುಕ್ಕು ಹಿಡಿದ ಅರ್ಥಿಂಗ್ ಕೂಡ ಇದೇ ಆಟ ಆಡುತ್ತದೆ. ಇಲ್ಲಿ ಫ್ಯೂಸ್ ಸರಿಯಿದೆಯೆಂದು ನೋಡಿದರಷ್ಟೇ ಸಾಲದು, ಪಂಪ್ ಓಡುತ್ತಿರುವಾಗ ಅದರ ಕನೆಕ್ಟರಿನಲ್ಲಿ ಸಿಗುವ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿನೊಂದಿಗೆ ಹೋಲಿಸಬೇಕು.

ಇಂಧನವೂ ಬದಲಾಗಿದೆ ಎಂಬುದನ್ನು ಹಳೆಯ ಕಾರಿನ ಒಡೆಯರು ಮರೆಯಬಾರದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಕೊಳವೆಗಳನ್ನೂ ಡಯಾಫ್ರಮ್‌ಗಳನ್ನೂ ಬೇಗ ಹಾಳುಮಾಡಬಲ್ಲದು. ಎಥನಾಲ್ ತೇವಾಂಶವನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರಬಹುದು.

ಕೊನೆಯ ಪಾಠ ದುರಸ್ತಿಯಾದ ನಂತರದ್ದು. ಆಗಾಗ ಬರುವ ದೋಷ ಭಾಗ ಬದಲಿಸದಿದ್ದರೂ ಕೆಲವು ದಿನ ಮರೆಯಾಗಿರುತ್ತಿತ್ತು ಎಂಬುದನ್ನು ನೆನೆದರೆ, ರಿಪೇರಿಯ ಮರುದಿನ ಕಾರು ಸರಾಗವಾಗಿ ಸ್ಟಾರ್ಟ್ ಆಯಿತೆಂಬುದು ಏನನ್ನೂ ಸಾಬೀತುಪಡಿಸುವುದಿಲ್ಲ. ನೋಟ್‌ಪುಸ್ತಕದಲ್ಲಿ ದಾಖಲಾದ ಅದೇ ಸ್ಥಿತಿಯನ್ನು, ಅದೇ ಏರು, ಅದೇ ಬಿಸಿಲು, ಅದೇ ಅರ್ಧ ಗಂಟೆಯ ನಿಲುಗಡೆಯೊಂದಿಗೆ ಬೇಕೆಂದೇ ಮತ್ತೆ ಮತ್ತೆ ಒದಗಿಸಿ ನೋಡಬೇಕು. ರಿಲೇಯಂಥ ಸುಲಭವಾಗಿ ಬಿಚ್ಚಬಹುದಾದ ಭಾಗವಾದರೆ ಹಳೆಯದನ್ನು ಎಸೆಯದೆ ಒಮ್ಮೆ ಮರಳಿ ಜೋಡಿಸಿ, ಅದೇ ಸ್ಥಿತಿಯಲ್ಲಿ ದೋಷವೂ ಮರಳುವುದನ್ನು ಕಂಡರೆ, ಕಾರಣ ಸಿಕ್ಕಿದೆ ಎಂದು ಹೇಳಲು ಅದಕ್ಕಿಂತ ಗಟ್ಟಿಯಾದ ಆಧಾರ ಮತ್ತೊಂದಿಲ್ಲ.