ಆಸಕ್ತಿ ನಾಲ್ಕಿದ್ದರೆ ತಪ್ಪೇನು?

ಪ್ರಶ್ನೆ: ನನಗೆ 24 ವರ್ಷ. ಡಿಪ್ಲೊಮಾ ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಕೆಲಸದಲ್ಲಿದ್ದೇನೆ. ರೈಲು ಅಂದರೆ ಹುಚ್ಚು. ಹಳೇ ನ್ಯಾರೋಗೇಜ್ ದಾರಿಯ ಗುರುತು ಹುಡುಕಿಕೊಂಡು ಅಲೆಯುತ್ತೇನೆ. ಹಳೇ ರೇಡಿಯೊ ಬಿಚ್ಚಿ ಜೋಡಿಸುತ್ತೇನೆ. ಅಜ್ಜಿ ಆಡುವ ತೆಲುಗು ಬೆರೆತ ಕನ್ನಡ, ನಂದಿಯ ದೇವಸ್ಥಾನ ಎಲ್ಲದರ ಬಗ್ಗೆಯೂ ಕುತೂಹಲ. ಯಾವುದೂ ಪೂರ್ತಿ ಕೈಗೆ ಹತ್ತಿಲ್ಲ. ‘ವಿಶ್ವೇಶ್ವರಯ್ಯ ಹುಟ್ಟಿದೂರಲ್ಲಿ ಇದ್ಕೊಂಡು ಹಿಂಗೆ ಕಾಲ ಕಳೀತೀಯಲ್ಲೋ’ ಅಂತಾರೆ ಅಪ್ಪ. ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬಿಟ್ಟುಬಿಡಲೆ?
– ಒಬ್ಬ ಓದುಗ, ಮುದ್ದೇನಹಳ್ಳಿ

ಉತ್ತರ: ಬಿಡಬೇಡಿ. ಅಪ್ಪ ಯಾರ ಹೆಸರು ಹೇಳಿ ಗದರಿದರೋ ಆ ವಿಶ್ವೇಶ್ವರಯ್ಯನವರೇ ಒಂದಕ್ಕೆ ಅಂಟಿಕೊಂಡವರಲ್ಲ. 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ, ಕೈಗಾರಿಕೆ ನೋಡಿ ಬಂದರು. 1903ರಲ್ಲಿ ಅವರು ರೂಪಿಸಿದ ತಾನೇ ತೆರೆದುಕೊಳ್ಳುವ ಗೇಟುಗಳನ್ನು ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯದಲ್ಲಿ ಅಳವಡಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಗೇಟು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಅಣೆಕಟ್ಟು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬಹುದು. ಅದೇ ಮನುಷ್ಯ ಮೈಸೂರಿನ ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದವು. ನಿಮ್ಮ ಜಿಲ್ಲೆಯವರೇ ಆದ, ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯನವರೂ ಹಾಗೆಯೇ. ಅವರು ಭೌತವಿಜ್ಞಾನದ ಮೇಷ್ಟ್ರಾಗಿದ್ದರು, ಸಂಗೀತ ನೃತ್ಯಗಳ ಪೋಷಕರೂ ಆಗಿದ್ದರು.

ನನ್ನನ್ನು ಕಾಡಿದ್ದು ‘ಯಾವುದೂ ಪೂರ್ತಿ ಕೈಗೆ ಹತ್ತಿಲ್ಲ’ ಎಂಬ ನಿಮ್ಮ ಮಾತು. ಆಸಕ್ತಿ ಹೆಚ್ಚಾದದ್ದರಿಂದ ನಿಮಗೆ ಕಷ್ಟ ಬಂದಿಲ್ಲ. ಅಲೆದು ನೋಡಿದ್ದು ಎಲ್ಲೂ ದಾಖಲಾಗುತ್ತಿಲ್ಲ, ಅದಕ್ಕೇ ಕೈ ಖಾಲಿ ಅನ್ನಿಸುತ್ತಿದೆ. ವಿಶ್ವೇಶ್ವರಯ್ಯನವರ ಕುತೂಹಲ ಕೊನೆಗೆ ಒಂದು ನಕ್ಷೆ, ಒಂದು ವರದಿ, ಒಂದು ಅಂದಾಜುಪಟ್ಟಿಯಾಗಿ ಬೇರೆಯವರ ಕೈ ಸೇರುತ್ತಿತ್ತು.

ಹಾಗಾಗಿ ನಿಮಗೆ ಒಂದು ಕೆಲಸ ಹೇಳುತ್ತೇನೆ. ಶಿಡ್ಲಘಟ್ಟಕ್ಕೆ ಹೋಗಿ. ಬೆಳಗ್ಗೆ ರೇಷ್ಮೆಗೂಡಿನ ಮಾರುಕಟ್ಟೆ ನೋಡಿ, ಆಮೇಲೆ ಗೂಡಿನಿಂದ ನೂಲು ತೆಗೆಯುವ ಯಾರಾದರೂ ರೀಲರ್ ಹತ್ತಿರ ಮಾತಾಡಿ ಅವರ ಚರಕದ ಮನೆಯಲ್ಲಿ ಒಂದು ಮೂಲೆ ಹಿಡಿದು ಕೂರಿ. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆಯ ತುದಿ ಹುಡುಕಿ ಎತ್ತುವ ಬೆರಳುಗಳನ್ನು ನೋಡಿ. ಹಲವು ಗೂಡುಗಳ ಎಳೆ ಸೇರಿ ಒಂದು ದಾರವಾಗುತ್ತದೆ. ಒಂದು ಗೂಡು ಮುಗಿದರೆ ತಕ್ಷಣ ಇನ್ನೊಂದನ್ನು ಸೇರಿಸದಿದ್ದರೆ ದಾರ ತೆಳುವಾಗುತ್ತದೆ. ಚರಕ, ಕಾಟೇಜ್ ಬೇಸಿನ್, ಮಲ್ಟಿ ಎಂಡ್, ಆಟೊಮ್ಯಾಟಿಕ್ – ನೂಲು ತೆಗೆಯುವ ಪ್ರತಿ ಯಂತ್ರದಲ್ಲೂ ಹೀಗೆ ಗೂಡು ಸೇರಿಸುವ ಕೆಲಸ ಯಾರದು, ಕೈಯದೋ ಯಂತ್ರದ್ದೋ? ಬರೆದುಕೊಳ್ಳಿ. ಅಲ್ಲಿನವರು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಮಾತಾಡುತ್ತಾರೆ. ಪ್ರತಿ ಉಪಕರಣಕ್ಕೆ ಅವರು ಏನನ್ನುತ್ತಾರೋ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಗೂಡಿನ ಚೀಲಗಳು ಯಾವ ಊರಿಂದ, ಯಾವ ಗಾಡಿಯಲ್ಲಿ, ಎಷ್ಟು ಹೊತ್ತಿಗೆ ಬರುತ್ತವೆ? ತಡವಾದರೆ ರೈತನಿಗೆ ಏನು ನಷ್ಟ? ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ಎಳೆ ಬಿಚ್ಚಲು ಬರುವುದಿಲ್ಲವಾದ್ದರಿಂದ ಅಲ್ಲಿ ಗಡಿಯಾರದ ಬೆಲೆ ಬಹಳ. ಎರಡೂವರೆ ಅಡಿ ಹಳಿಯ ಸಣ್ಣ ರೈಲು ಓಡುತ್ತಿದ್ದ ಕಾಲದಲ್ಲಿ ಸರಕು ಹೇಗೆ ಹೋಗುತ್ತಿತ್ತು ಅಂತ ಹಳಬರನ್ನು ಕೇಳಿ. ನಿಮ್ಮ ರೈಲು, ಯಂತ್ರ, ಅಜ್ಜಿಯ ಮಾತು ಎಲ್ಲಕ್ಕೂ ಅಲ್ಲಿ ಕೆಲಸವಿದೆ. ರೇಡಿಯೊ ಸದ್ಯಕ್ಕೆ ಹಾಗೇ ಇರಲಿ. ಮುಂದೆ ಗೌರಿಬಿದನೂರಿನ ರೇಡಿಯೊ ದೂರದರ್ಶಕದ ಕಡೆಗೆ ತಿರುಗಬಹುದು.

ಇದಕ್ಕೆ ರಜಾದಿನ ಸಾಕು, ಕೆಲಸ ಬಿಡುವ ಯೋಚನೆ ಮಾಡಬೇಡಿ. ಒಂದು ಮಾತು ಮಾತ್ರ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಬೇಸರದ ಕೆಲಸವೊಂದು ಎದುರಿಗೆ ಬಂದಾಗಲೇ ಹೊಸ ಆಸಕ್ತಿ ಹುಟ್ಟುತ್ತದೆಯೆ? ಹೌದಾದರೆ ಮೊದಲು ಆ ಕೆಲಸ ಮುಗಿಸಿ.

ಅಪ್ಪನ ಮಾತಿನಲ್ಲಿ ಸಿಟ್ಟಿಗಿಂತ ನಿಮ್ಮ ಮುಂದಿನ ಬದುಕಿನ ಅಂಜಿಕೆ ಕಾಣುತ್ತದೆ. ವಾದ ಬೇಡ. ಸಂಬಳ, ಉಳಿತಾಯ ಎಷ್ಟು ಅಂತ ಬಿಡಿಸಿ ಹೇಳಿ, ಒಂದು ದಿನ ಅವರನ್ನೂ ಶಿಡ್ಲಘಟ್ಟಕ್ಕೆ ಕರೆದೊಯ್ಯಿರಿ. ಹತ್ತು ಪುಟವಾದರೂ ಸಾಕು, ಬರೆದು ಮುಗಿಸಿ, ಮೊದಲು ಆ ಚರಕದ ಮನೆಯವರಿಗೇ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಆಮೇಲೆ ನನಗೊಂದು ಪ್ರತಿ ಕಳಿಸಿ, ಓದಲು ಕಾಯುತ್ತಿರುತ್ತೇನೆ.